ಅರಮನೆಯಿಲ್ಲದ ಕಲ್ಯಾಣ

ಇಂಗ್ಲಿಷಿನಲ್ಲಿ 'ಬೈಜಾಂಟೈನ್' ಎಂಬುದು ಹೆಚ್ಚುಕಡಿಮೆ ಒಂದು ಬೈಗುಳ. ಒಳಸಂಚು, ಚಾಡಿ, ಬಿಡಿಸಲಾಗದ ಗೋಜಲು ತುಂಬಿದ ಯಾವುದೇ ಆಡಳಿತವನ್ನು, ಅದು ರಾಜಕೀಯ ಪಕ್ಷದ ಕಚೇರಿಯಿರಲಿ, ವಿಶ್ವವಿದ್ಯಾಲಯದ ಸಿಂಡಿಕೇಟ್ ಇರಲಿ, ಆ ಪದದಿಂದ ಹಳಿಯುವುದು ರೂಢಿ. ಕಾನ್‌ಸ್ಟಾಂಟಿನೋಪಲ್ ನಗರದಿಂದ ಆಳಿದ ಪೂರ್ವ ರೋಮನ್ ಚಕ್ರವರ್ತಿಗಳು ಪಟ್ಟಕ್ಕಾಗಿ ಅಣ್ಣತಮ್ಮಂದಿರ ಕಣ್ಣು ಕೀಳಿಸಿದ್ದು, ಮಗ ತಾಯಿಯನ್ನು, ಅಕ್ಕ ತಮ್ಮನನ್ನು ಉರುಳಿಸಲು ಹೊಂಚಿದ್ದು ಸುಳ್ಳೇನಲ್ಲ. ಆದರೆ 18ನೆಯ ಶತಮಾನದಲ್ಲಿ ಗಿಬ್ಬನ್ ಮೊದಲಾದವರು ಆ ಸಾಮ್ರಾಜ್ಯವನ್ನು ಅದರ ಪಿತೂರಿಗಳಲ್ಲೇ ಮುಳುಗಿಸಿಬಿಟ್ಟರು. 330ರಲ್ಲಿ ಆರಂಭವಾಗಿ, ನಡುವೆ ಅರ್ಧಶತಮಾನದಷ್ಟು ಮಾತ್ರ ಕಡಿದುಹೋಗಿ, 1453ರವರೆಗೆ ಉಳಿದ ರಾಜಧಾನಿಯೊಂದು ಬರೀ ಸಂಚುಗಳಿಂದ ಬಾಳಿತೆಂದು ನಂಬುವುದು ಕಷ್ಟ. ತೆರಿಗೆ, ಸೈನ್ಯ, ರಾಯಭಾರ, ಬರವಣಿಗೆ ಬಲ್ಲ ಅಧಿಕಾರಿವರ್ಗ ಇವೆಲ್ಲ ಅಲ್ಲಿ ಇದ್ದವು ಎಂಬುದನ್ನು ಇತಿಹಾಸಕಾರರು ಮತ್ತೆ ನೆನಪಿಸಲು ಇಪ್ಪತ್ತನೆಯ ಶತಮಾನವೇ ಬೇಕಾಯಿತು.

ನಮ್ಮ ಕಲ್ಯಾಣಕ್ಕೆ ಒದಗಿದ್ದು ಇದಕ್ಕೆ ತದ್ವಿರುದ್ಧವಾದ ಗತಿ. ಬೈಜಾಂಟಿಯಂನಲ್ಲಿ ಅರಮನೆಯ ಹೊರತು ಬೇರೇನೂ ಕಾಣಲಿಲ್ಲ; ಕಲ್ಯಾಣದಲ್ಲಿ ನಮಗೆ ಅರಮನೆಯೇ ಕಾಣುವುದಿಲ್ಲ. ಒಂದು ಕಡೆ ಅನುಭವ ಮಂಟಪ, ಶರಣರು, ಕೊನೆಯ ಕ್ರಾಂತಿ. ಇನ್ನೊಂದು ಕಡೆ ನರ್ಮದೆಯವರೆಗೆ ಹಬ್ಬಿದ ಕನ್ನಡ ಚಕ್ರಾಧಿಪತ್ಯದ ಸುವರ್ಣಯುಗ. ಮೊದಲನೆಯದು ಉತ್ಸವದ ಭಾಷಣಕ್ಕೆ, ಎರಡನೆಯದು ರಾಜ್ಯೋತ್ಸವದ ಭಾಷಣಕ್ಕೆ. ಇವೆರಡರ ನಡುವೆ ಸುಮಾರು ನೂರೈವತ್ತು ವರ್ಷ ನಡೆದ ಒಂದು ಸರ್ಕಾರವಿತ್ತು; ಅದಕ್ಕೆ ಖಜಾನೆ, ಸುಂಕ, ಗೂಢಚಾರರು, ಮದುವೆಯ ಸಂಬಂಧಗಳು, ದಾಯಾದಿ ಜಗಳಗಳು ಇದ್ದವು; ಆ ಸರ್ಕಾರವನ್ನು ಅರಿಯದೆ ಶರಣರ ಕಾಲವನ್ನೂ ಅರಿಯಲಾಗದು ಎಂಬ ಮಾತನ್ನು ಹೇಳುವವರು ಕಡಿಮೆ.

ಈಗ ಈ ಮಾತು ಯಾಕೆ ಎಂದರೆ, ಕಲ್ಯಾಣದ ಹೆಸರು ಹಿಂದೆಂದಿಗಿಂತಲೂ ಹೆಚ್ಚು ಚಲಾವಣೆಯಲ್ಲಿದೆ. 2012ರಲ್ಲಿ ಬಸವಕಲ್ಯಾಣದಲ್ಲಿ 108 ಅಡಿ ಎತ್ತರದ ಬಸವಣ್ಣನವರ ಪ್ರತಿಮೆ ಎದ್ದು ನಿಂತಿತು. 2019ರಲ್ಲಿ ಹೈದರಾಬಾದ್ ಕರ್ನಾಟಕವು ಕಲ್ಯಾಣ ಕರ್ನಾಟಕವಾಯಿತು. 2021ರ ಜನವರಿಯಲ್ಲಿ ಹೊಸ ಅನುಭವ ಮಂಟಪಕ್ಕೆ ಶಂಕುಸ್ಥಾಪನೆ ನಡೆಯಿತು. 2024ರಲ್ಲಿ ರಾಜ್ಯ ಸರ್ಕಾರ ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು. ಯಾವ ಪಕ್ಷವೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಒಂದು ಇಡೀ ಪ್ರದೇಶಕ್ಕೆ ಒಂದು ರಾಜಧಾನಿಯ ಹೆಸರನ್ನು ಕೊಟ್ಟ ಮೇಲೆ, ಆ ರಾಜಧಾನಿಯಲ್ಲಿ ರಾಜ್ಯಭಾರ ಹೇಗೆ ನಡೆಯುತ್ತಿತ್ತೆಂದು ಕೇಳುವುದು ಅತಿಯಾಸೆಯಾಗಲಾರದು.

ಕಾಲದ ಹೊಂದಾಣಿಕೆಯೊಂದನ್ನು ಮೊದಲು ಗಮನಿಸೋಣ. 1042ರ ಏಪ್ರಿಲ್ ತಿಂಗಳಿನಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಜನ ಬೀದಿಗಿಳಿದು ಐದನೆಯ ಮೈಕೇಲನನ್ನು ಕೆಳಗಿಳಿಸಿ, ಜೊಯಿ ಮತ್ತು ಥಿಯೊಡೋರಾ ಎಂಬ ಇಬ್ಬರು ಸೋದರಿಯರನ್ನು ಒಟ್ಟಿಗೆ ಸಿಂಹಾಸನದ ಮೇಲೆ ಕೂರಿಸಿದರು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಇಲ್ಲಿ ಒಂದನೆಯ ಸೋಮೇಶ್ವರ ಪಟ್ಟಕ್ಕೆ ಬಂದ. ರಾಜಧಾನಿಯನ್ನು ಮಾನ್ಯಖೇಟದಿಂದ ಕಲ್ಯಾಣಕ್ಕೆ ತಂದವನು ಇವನೇ. ಹೆಣ್ಣುಮಕ್ಕಳ ಆಳ್ವಿಕೆ ಬರೀ ಗ್ರೀಕರ ಸೋಜಿಗವಲ್ಲ. ಸೋಮೇಶ್ವರನ ಸೋದರತ್ತೆ ಅಕ್ಕಾದೇವಿ ಕಿಸುಕಾಡು ನಾಡನ್ನು ಆಳುತ್ತ, 1047ರಲ್ಲಿ ಗೋಕಾಗೆಯ ಕೋಟೆಗೆ ತಾನೇ ಮುತ್ತಿಗೆ ಹಾಕಿದವಳು.

ಹೊಸ ರಾಜಧಾನಿ ಸುಖವಾಗಿ ಬೆಳೆಯಲಿಲ್ಲ. ಚೋಳ ರಾಜಾಧಿರಾಜ ಕಲ್ಯಾಣಕ್ಕೆ ಬೆಂಕಿಯಿಟ್ಟು, ಅಲ್ಲಿಂದ ಒಂದು ದ್ವಾರಪಾಲಕನ ವಿಗ್ರಹವನ್ನು ಹೊತ್ತೊಯ್ದ. ಕಲ್ಯಾಣಪುರವನ್ನು ಸುಟ್ಟು ತಂದದ್ದು ಎಂದು ಅದರ ಪೀಠದ ಮೇಲೆ ತಮಿಳಿನಲ್ಲಿ ಬರೆಸಿದ್ದಾನೆ. ಬಹುಕಾಲ ದಾರಾಸುರದಲ್ಲಿದ್ದ ಆ ವಿಗ್ರಹ ಆಮೇಲೆ ತಂಜಾವೂರಿನ ವಸ್ತುಸಂಗ್ರಹಾಲಯವನ್ನು ಸೇರಿತು. ಸೋಮೇಶ್ವರನ ಕಲ್ಯಾಣದಿಂದ ಬಂದದ್ದೆಂದು ತಾನೇ ಹೇಳಿಕೊಳ್ಳುವ ಕಲ್ಲು ನೋಡಬೇಕಾದರೆ ತಮಿಳುನಾಡಿಗೆ ಹೋಗಬೇಕು. ಬಸವಕಲ್ಯಾಣದಲ್ಲಿ ಇಂದು ಕಾಣುವ ಕೋಟೆಯ ಬಹುಭಾಗ ನಂತರದ ಸುಲ್ತಾನರ ಕಾಲದ್ದು. ಚಾಲುಕ್ಯರ ಕಲ್ಲುಗಳು ಅದರ ಗೋಡೆಗಳೊಳಗೆ ಅಡ್ಡಡ್ಡವಾಗಿ ಸೇರಿಕೊಂಡಿವೆ. ಆ ರಾಜಾಧಿರಾಜನೇ 1054ರಲ್ಲಿ ಕೊಪ್ಪಂ ಕಾಳಗದಲ್ಲಿ ಆನೆಯ ಮೇಲೆ ಸತ್ತ ಎಂಬುದನ್ನೂ ಹೇಳಿಬಿಡುವುದು ನ್ಯಾಯ.

1068ರಲ್ಲಿ ವಾಸಿಯಾಗದ ಕಾಯಿಲೆಯಿಂದ ನರಳುತ್ತಿದ್ದ ಸೋಮೇಶ್ವರ ಕುರುವತ್ತಿಯಲ್ಲಿ ತುಂಗಭದ್ರೆಗೆ ಇಳಿದು ಪ್ರಾಣಬಿಟ್ಟ. ಹಿರಿಯ ಮಗ ಇಮ್ಮಡಿ ಸೋಮೇಶ್ವರ ಪಟ್ಟವೇರಿದ. ಕಿರಿಯವನಾದ ವಿಕ್ರಮಾದಿತ್ಯ ತನ್ನ ಮನೆತನದ ಹಗೆಯಾಗಿದ್ದ ಚೋಳ ವೀರರಾಜೇಂದ್ರನ ಮಗಳನ್ನು ಮದುವೆಯಾಗಿ ಬಲ ಕೂಡಿಸಿಕೊಂಡ. ವೀರರಾಜೇಂದ್ರ ತೀರಿಕೊಂಡು, 1070ರಲ್ಲಿ ಚೋಳ ಸಿಂಹಾಸನ ಕುಲೋತ್ತುಂಗನ ಪಾಲಾದಾಗ ಅಣ್ಣ ಆ ಕುಲೋತ್ತುಂಗನೊಡನೆ ಕೈಜೋಡಿಸಿದ. ಕೊನೆಗೆ 1076ರಲ್ಲಿ ತಮ್ಮ ಗೆದ್ದ. ಅಣ್ಣ ಸೆರೆಗೆ ಬಿದ್ದ. ಭುವನೈಕಮಲ್ಲನೆಂಬ ಬಿರುದಿನ ಆ ದೊರೆಯ ಹೆಸರು ಶಾಸನಗಳಿಂದ ಅಲ್ಲಿಗೆ ಮಾಯವಾಗುತ್ತದೆ.

ಐದು ವರ್ಷ ಕಳೆದು, 1081ರಲ್ಲಿ, ಅಲೆಕ್ಸಿಯಸ್ ಕೊಮ್ನೆನಸ್ ಎಂಬ ಸೇನಾನಿ ತನ್ನದೇ ದೊರೆಯ ವಿರುದ್ಧ ದಂಡೆತ್ತಿ ಕಾನ್‌ಸ್ಟಾಂಟಿನೋಪಲನ್ನು ಹಿಡಿದ. ಅವನ ಸೈನಿಕರು ಊರನ್ನು ಲೂಟಿ ಮಾಡಿದರು. ಅಲ್ಲಿ ಅಲೆಕ್ಸಿಯಸ್ 37 ವರ್ಷ ಆಳಿದ, ಇಲ್ಲಿ ವಿಕ್ರಮಾದಿತ್ಯ 50 ವರ್ಷ. ಇಬ್ಬರೂ ಸಮರ್ಥರು. ಇಬ್ಬರೂ ಕಸಿದುಕೊಂಡು ಪಟ್ಟವೇರಿದವರು. ಇಬ್ಬರ ಪಾಲಿಗೂ ಒಬ್ಬೊಬ್ಬ ಒಳ್ಳೆಯ ಲೇಖಕರು ಸಿಕ್ಕರು. ಅಲೆಕ್ಸಿಯಸ್‌ನ ಕಥೆ ಬರೆದವಳು ಅವನ ಮಗಳು ಆನಾ. ತಮ್ಮನನ್ನು ಬದಿಗೆ ಸರಿಸಲು ಹೋಗಿ ಸೋತು, ಮಠ ಸೇರಿ ಬರೆದಳು. ವಿಕ್ರಮಾದಿತ್ಯನ ಕಥೆ ಬರೆದವನು ಕಾಶ್ಮೀರದಿಂದ ಬಂದು ಕಲ್ಯಾಣದಲ್ಲಿ ವಿದ್ಯಾಪತಿಯಾದ ಬಿಲ್ಹಣ. ಲೂಟಿಯ ಪಾಪಕ್ಕೆ ಅಲೆಕ್ಸಿಯಸ್ ನಲವತ್ತು ದಿನ ಪ್ರಾಯಶ್ಚಿತ್ತ ಮಾಡಿಕೊಂಡನೆಂದು ಆನಾ ಹೇಳುತ್ತಾಳೆ. ಬಿಲ್ಹಣ ಇನ್ನೂ ಜಾಣ. ಅವನ 'ವಿಕ್ರಮಾಂಕದೇವಚರಿತ'ದಲ್ಲಿ ಯುವರಾಜ ಪದವಿ ಕೊಡಲು ಬಂದ ತಂದೆಗೆ ವಿಕ್ರಮಾದಿತ್ಯ, ಅಣ್ಣನಿರುವಾಗ ನನಗೆ ಸಲ್ಲದೆಂದು ನಿರಾಕರಿಸುತ್ತಾನೆ. ಅಣ್ಣ ಮದ್ಯಕ್ಕೂ ಲೋಭಕ್ಕೂ ವಶನಾಗಿ ಕೆಡುತ್ತಾನೆ. ಆಗಲೂ ತಮ್ಮನಿಗೆ ಯುದ್ಧ ಬೇಡ. ಸಾಕ್ಷಾತ್ ಶಿವನೇ ಕನಸಿನಲ್ಲಿ ಬಂದು ಆಜ್ಞೆ ಮಾಡಬೇಕಾಗುತ್ತದೆ. ಇಮ್ಮಡಿ ಸೋಮೇಶ್ವರನ ಕಾಲದ ಶಾಸನಗಳನ್ನು ನೋಡಿದರೆ ಅಲ್ಲಿರುವವನು ದತ್ತಿ ಬಿಡುವ, ಬಿರುದು ಹೊರುವ, ಎಲ್ಲ ದೊರೆಗಳಂಥ ಒಬ್ಬ ದೊರೆ. ಸೋತವನಿಗೆ ಕವಿಯಿಲ್ಲ. ಬಿಲ್ಹಣನ ಕಾವ್ಯವೂ ಕಣ್ಮರೆಯಾಗಿತ್ತು ಎನ್ನಿ. 1874ರಲ್ಲಿ ಜರ್ಮನ್ ವಿದ್ವಾಂಸ ಬ್ಯೂಲರ್‌ಗೆ ಜೈಸಲ್ಮೇರಿನ ಜೈನ ಭಂಡಾರದಲ್ಲಿ ಅದರ ಹಸ್ತಪ್ರತಿ ಸಿಕ್ಕಿತು.

ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ಇದೇ ರಾಜಕೀಯವನ್ನು ಕಲ್ಲಿನಲ್ಲಿ ನೋಡಬಹುದು. ಅಲ್ಲಿಯ ದೇಗುಲದ ಹೊರಗೋಡೆಯ ಮದನಿಕೆಯರಲ್ಲಿ ಒಬ್ಬಳು ಬೆನ್ನು ತಿರುಗಿಸಿ ನಿಂತು ಏನನ್ನೋ ಬರೆಯುತ್ತಿದ್ದಾಳೆ. ಪ್ರವಾಸಿ ಕೈಪಿಡಿಗಳಲ್ಲಿ ಅವಳ ಸೊಂಟದ ಬಳುಕಿಗೆ ಸಿಕ್ಕಷ್ಟು ಜಾಗ ಅವಳು ಬರೆಯುತ್ತಿರುವ ಸಾಲಿಗೆ ಸಿಕ್ಕಿಲ್ಲ. ಏಳು ದ್ವೀಪಗಳನ್ನು ಒಡಲಲ್ಲಿಟ್ಟುಕೊಂಡ ಭೂಮಿಯನ್ನು ಚಾಲುಕ್ಯ ವಿಕ್ರಮಾದಿತ್ಯ ತನ್ನದಾಗಿಸಿಕೊಳ್ಳುವನು ಎಂಬುದು ಅದರ ತಾತ್ಪರ್ಯ. ಸುಂದರಿಯ ಕೈಯಲ್ಲಿ ಬರೆಸಿದ ಸರ್ಕಾರಿ ಪ್ರಚಾರ ಅದು. ದೊರೆಯ ಹಕ್ಕು ಪ್ರಶ್ನಾತೀತವಾಗಿದ್ದರೆ ಅದನ್ನು ಇಷ್ಟು ಕಡೆ, ಇಷ್ಟು ಬಗೆಯಲ್ಲಿ ಹೇಳಿಸುವ ಅಗತ್ಯವಿರುತ್ತಿರಲಿಲ್ಲ. ಪಟ್ಟಕ್ಕೆ ಬಂದ ವರ್ಷವೇ ಶಕವರ್ಷವನ್ನು ಬದಿಗಿಟ್ಟು ತನ್ನದೇ ಚಾಲುಕ್ಯ ವಿಕ್ರಮ ಶಕೆಯನ್ನು ಆರಂಭಿಸಿದ್ದೂ ಇದೇ ಜಾಡಿನ ನೀತಿ. ಅಣ್ಣನ ಎಂಟು ವರ್ಷಗಳ ಆಳ್ವಿಕೆ ಲೆಕ್ಕದ ಆಚೆ ಉಳಿಯಿತು.

ಹಾಗೆಂದು ವಿಕ್ರಮಾದಿತ್ಯನ ಅರ್ಧಶತಮಾನವನ್ನು ಬರೀ ಪ್ರಚಾರವೆಂದರೆ ಗಿಬ್ಬನ್ ಮಾಡಿದ ತಪ್ಪನ್ನೇ ಮಾಡಿದಂತಾದೀತು. ಇವನ ಆಶ್ರಯದಲ್ಲಿ ಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರ ಬರೆದ 'ಮಿತಾಕ್ಷರ' ಹಿಂದೂ ಕುಟುಂಬದ ಆಸ್ತಿ ಹಂಚಿಕೆಗೆ ಇಪ್ಪತ್ತನೆಯ ಶತಮಾನದವರೆಗೂ ದೇಶದ ಬಹುಭಾಗದಲ್ಲಿ ಆಧಾರವಾಗಿತ್ತು. (ಅಣ್ಣನ ಪಾಲನ್ನು ಪೂರ್ತಿ ನುಂಗಿದ ದೊರೆಯ ಊರಿನಲ್ಲಿ ದಾಯವಿಭಾಗದ ಶಾಸ್ತ್ರ ಸಿದ್ಧವಾಯಿತೆಂಬುದು ಇತಿಹಾಸದ ಕುಚೋದ್ಯ.) ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂದು ಸುಂಕಗಳಿಗೆ ಬೇರೆಬೇರೆ ಅಧಿಕಾರಿಗಳಿದ್ದರು; ಸಂಧಿ ಮತ್ತು ಯುದ್ಧದ ವಿಷಯ ನೋಡಿಕೊಳ್ಳುವ ಸಂಧಿವಿಗ್ರಹಿಗಳಿದ್ದರು; ಅಯ್ಯಾವೊಳೆ ಐನೂರ್ವರ ವರ್ತಕ ಸಂಘಗಳ ಜೊತೆ ರಾಜ್ಯಕ್ಕೆ ಹೊಂದಿಕೆಯಿತ್ತು. ಮೇಲಿಂದ ನೋಡಿದರೆ ಗಟ್ಟಿ ಕಟ್ಟಡ.

ಬಿರುಕು ಇದ್ದದ್ದು ಕೆಳಗೆ. ನಾಡು ನಾಡುಗಳನ್ನು ಮಹಾಮಂಡಳೇಶ್ವರರಿಗೆ, ಮನ್ನೆಯರಿಗೆ, ದಂಡನಾಯಕರಿಗೆ ಒಪ್ಪಿಸಿದ ವ್ಯವಸ್ಥೆ ಅದು. ಆದಾಯವೂ ಅವರದೇ, ಆಳುಗಳೂ ಅವರದೇ. ಚಕ್ರವರ್ತಿ ಬಲಿಷ್ಠನಾಗಿರುವತನಕ ಅವರು ಪಾದಪದ್ಮೋಪಜೀವಿಗಳು. ಅವನು ಸಡಿಲಗೊಂಡ ದಿನ ಅವರೇ ಅರಸರು. ವಿಕ್ರಮಾದಿತ್ಯನ ಕಾಲದಲ್ಲೇ ಬನವಾಸಿಯಲ್ಲಿದ್ದ ತಮ್ಮ ಜಯಸಿಂಹ ದಂಗೆಯೆದ್ದ. ಅಣ್ಣನನ್ನು ಉರುಳಿಸಲು ನೆರವಾದವನೇ ಅವನು, ಆದ್ದರಿಂದ ದಾರಿ ಗೊತ್ತಿತ್ತು. ದಕ್ಷಿಣದಲ್ಲಿ ಹೊಯ್ಸಳ ವಿಷ್ಣುವರ್ಧನ ತಲೆಯೆತ್ತಿದ. ಮಗ ಮೂರನೆಯ ಸೋಮೇಶ್ವರನಿಗೆ ಯುದ್ಧಕ್ಕಿಂತ ವಿದ್ಯೆಯಲ್ಲಿ ರುಚಿ. ಅವನ 'ಮಾನಸೋಲ್ಲಾಸ' ಐದು ವಿಂಶತಿಗಳ, ನೂರು ಅಧ್ಯಾಯಗಳ ವಿಶ್ವಕೋಶ. ಎರಡನೆಯ ವಿಂಶತಿಯ ವಿಷಯವೇ ಗಳಿಸಿದ ರಾಜ್ಯವನ್ನು ಸ್ಥಿರಗೊಳಿಸುವ ಬಗೆ. ಹತ್ತನೆಯ ಶತಮಾನದಲ್ಲಿ ಏಳನೆಯ ಕಾನ್‌ಸ್ಟಂಟೈನ್ ಚಕ್ರವರ್ತಿ ತನ್ನ ಮಗ ರೊಮಾನಸ್‌ಗಾಗಿ ಇಂಥದೇ ಒಂದು ಗ್ರಂಥ ಸಿದ್ಧಪಡಿಸಿದ್ದ: ಯಾವ ನೆರೆಯವನನ್ನು ಯಾರಿಂದ ಹದ್ದಿನಲ್ಲಿಡಬೇಕು, ಯಾರಿಗೆ ಏನು ಕೊಡಬೇಕು, ಏನು ಕೊಡಬಾರದು. ಮಾನಸೋಲ್ಲಾಸವನ್ನು ನಾವು ಈಗ ಅಡುಗೆಯ ಪ್ರಕರಣಕ್ಕಾಗಿ ಹೆಚ್ಚು ನೆನೆಯುತ್ತೇವೆ. ಅದರ ಕರ್ತೃ ತೀರಿಕೊಂಡ (1138) ಕಾಲು ಶತಮಾನದೊಳಗೆ ಅವನ ಮನೆತನ ಸಿಂಹಾಸನ ಕಳೆದುಕೊಂಡಿತು. ಕಿರಿಯ ಮಗ ಮೂರನೆಯ ತೈಲಪನನ್ನು ಕಾಕತೀಯ ಪ್ರೋಲ ಸೆರೆಹಿಡಿದು, ಕನಿಕರಿಸಿ ಬಿಟ್ಟುಕಳುಹಿಸಿದನೆಂದು 1163ರ ಹನುಮಕೊಂಡ ಶಾಸನ ಹೇಳುತ್ತದೆ. ಸಾಮಂತನೊಬ್ಬ ಚಕ್ರವರ್ತಿಯ ಮೇಲೆ ಕನಿಕರಪಟ್ಟ ಮೇಲೆ ಉಳಿದದ್ದೇನು?

ಉಳಿದದ್ದನ್ನು ಬಿಜ್ಜಳ ತೆಗೆದುಕೊಂಡ. ಮಂಗಳವೇಢೆಯ ಕಳಚುರಿ ಮಾಂಡಲಿಕನಾಗಿದ್ದವನು 1162ರ ವೇಳೆಗೆ ಕಲ್ಯಾಣದ ಸ್ವತಂತ್ರ ಪ್ರಭು. ಬಸವಣ್ಣನವರು ಭಂಡಾರಿಯಾಗಿದ್ದದ್ದು ಈ ಸರ್ಕಾರದಲ್ಲಿ. ಈ ಒಂದು ಸಂಗತಿಯ ತೂಕವನ್ನು ನಮ್ಮ ಭಾಷಣಗಳು ಎಂದೂ ಅಳೆದಿಲ್ಲ. ಜನಪರಂಪರೆಯ ಕಥೆಗಳಲ್ಲಿ ಆಸ್ಥಾನದ ಒಳರಾಜಕೀಯವೆಲ್ಲ ಕೊಂಡೆಯ ಮಂಚಣ್ಣನೆಂಬ ಒಬ್ಬ ಚಾಡಿಕೋರನ ತಲೆಗೆ ಬಂದಿದೆ. ಭಂಡಾರದ ಹಣ ಜಂಗಮರ ಪಾಲಾಗುತ್ತಿದೆಯೆಂದು ದೂರು, ಲೆಕ್ಕ ಪರಿಶೀಲನೆ, ಲೆಕ್ಕ ಸರಿಯಾಗಿರುವುದು, ಮತ್ತೆ ದೂರು. ನಂತರ ಬ್ರಾಹ್ಮಣ ಮಧುವರಸರ ಮಗಳಿಗೂ ಸಮಗಾರ ಹರಳಯ್ಯನವರ ಮಗನಿಗೂ ಮದುವೆ. ಮಧುವರಸ, ಹರಳಯ್ಯರಿಗೆ ಎಳೆಹೂಟೆಯ ಶಿಕ್ಷೆ. ಅದರ ಬೆನ್ನಿಗೆ ಬಿಜ್ಜಳನ ಕೊಲೆ. ಕೆಟ್ಟ ದೊರೆ, ಚಾಡಿಕೋರ ಮಂತ್ರಿ, ಅಲ್ಲಿಗೆ ಮುಗಿಯಿತು.

ಆದರೆ ಬಿಜ್ಜಳ ಹುಟ್ಟಾ ಶಿವದ್ವೇಷಿಯಾಗಿದ್ದನೇ? ಹಾವೇರಿ ಜಿಲ್ಲೆಯ ಅಬ್ಲೂರಿನಲ್ಲಿ ಸುಮಾರು 1200ರ ಶಾಸನವೊಂದಿದೆ. ಜೈನರೊಡನೆ ವಾದಿಸಿ ಗೆದ್ದ ಏಕಾಂತದ ರಾಮಯ್ಯನಿಗೆ ಜಯಪತ್ರ ಕೊಟ್ಟವನು ಇದೇ ಬಿಜ್ಜಳ. ಅವನ ಮನೆತನವನ್ನು ಕೆಳಗಿಳಿಸಿದ ಚಾಲುಕ್ಯ ನಾಲ್ಕನೆಯ ಸೋಮೇಶ್ವರನೂ ಅದೇ ರಾಮಯ್ಯನನ್ನು ಗೌರವಿಸಿದ. ಹಾಗಾದರೆ ಶೈವರಿಗೆ ಜಯಪತ್ರ ಕೊಟ್ಟ ಕೈ ಹರಳಯ್ಯನವರ ಮೇಲೆ ಏಕೆ ಎದ್ದಿತು?

ನನ್ನ ಮಟ್ಟಿಗೆ ಉತ್ತರ ಅವನ ಮತದಲ್ಲಿಲ್ಲ, ಅವನ ಪಟ್ಟದಲ್ಲಿದೆ. ಕಸಿದ ಪಟ್ಟದ ಮೇಲೆ ಕುಳಿತವನಿಗೆ ಎಲ್ಲಕ್ಕಿಂತ ಹೆಚ್ಚು ಬೇಕಾಗುವುದು ಪ್ರಬಲರ ಒಪ್ಪಿಗೆ. ಜಯಪತ್ರ ಕೊಡುವುದಕ್ಕೆ ಖರ್ಚಿಲ್ಲ. ವರ್ಣದ ಕಟ್ಟನ್ನು ಮುರಿದ ಮದುವೆಯನ್ನು ತನ್ನ ರಾಜಧಾನಿಯಲ್ಲೇ, ತನ್ನ ಭಂಡಾರಿಯ ಬಳಗದಲ್ಲೇ ನಡೆಯಗೊಟ್ಟರೆ ಅಗ್ರಹಾರಗಳೂ ಮನ್ನೆಯರೂ ಮುನಿಯುತ್ತಾರೆ. ಮುನಿದವರು ಅಣ್ಣಿಗೇರಿಯ ಕಡೆಗೆ ಸರಿದಿದ್ದ ಚಾಲುಕ್ಯರನ್ನು ನೆನೆಯುತ್ತಾರೆ. ಅಲೆಕ್ಸಿಯಸ್‌ನನ್ನು ನೋಡಿ. ಪಟ್ಟ ಹಿಡಿದ ಮರುವರ್ಷವೇ, 1082ರಲ್ಲಿ, ಅವನು ಮಾಡಿದ ಕೆಲಸಗಳಲ್ಲಿ ಒಂದು ಜಾನ್ ಇಟಾಲಸ್ ಎಂಬ ತತ್ತ್ವಶಾಸ್ತ್ರದ ಗುರುವನ್ನು ಪಾಷಂಡಿಯೆಂದು ವಿಚಾರಣೆಗೆ ಎಳೆದದ್ದು. ಆಳ್ವಿಕೆಯ ಕೊನೆಯ ಭಾಗದಲ್ಲಿ, ಪಾದ್ರಿಗಳ ಅಧಿಕಾರವನ್ನು ಒಪ್ಪದ ಬೊಗೊಮಿಲ್ ಪಂಥದ ಮುಖಂಡನನ್ನು ಜನರೆದುರು ಸುಡಿಸಿದ. ನಲವತ್ತು ದಿನದ ಪ್ರಾಯಶ್ಚಿತ್ತದಿಂದ ಆರಂಭವಾದ ಧರ್ಮನಿಷ್ಠೆಯ ಪ್ರದರ್ಶನ ಅಲ್ಲಿಗೆ ಹೋಗಿ ಮುಟ್ಟಿತು. ಹಕ್ಕು ಗಟ್ಟಿಯಿಲ್ಲದ ಅಧಿಕಾರ ಸಂಪ್ರದಾಯದ ಕಾವಲುಗಾರನ ವೇಷ ಹಾಕುತ್ತದೆ. ಆ ವೇಷಕ್ಕೆ ಯಾರಾದರೂ ಬಲಿಯಾಗಬೇಕಾಗುತ್ತದೆ.

ಹೀಗೆ ವಿವರಿಸಿದರೆ ಶರಣರ ಹಿರಿಮೆ ಕುಗ್ಗುತ್ತದೆಂದು ಆಕ್ಷೇಪಿಸುವವರಿದ್ದಾರೆ. ನನಗೆ ಹಾಗೆ ಕಾಣದು. ಬಿಜ್ಜಳ ಬರೀ ದುಷ್ಟನಾಗಿದ್ದರೆ ಬಸವಣ್ಣನವರು ಎದುರಿಸಿದ್ದು ಒಬ್ಬ ದುಷ್ಟನನ್ನು ಮಾತ್ರ. ಅವನು ಲೆಕ್ಕ ಬಲ್ಲ ಸಮರ್ಥ ದೊರೆಯಾಗಿದ್ದನೆಂದು ಒಪ್ಪಿಕೊಂಡರೆ, ಆ ಲೆಕ್ಕವನ್ನು ಒಳಗಿನಿಂದ ಬಲ್ಲ ಅಧಿಕಾರಿಯೊಬ್ಬರು ತಿಳಿದೂ ತಿಳಿದೂ ಆ ಮದುವೆಯ ಪಕ್ಕ ನಿಂತರು ಎಂದಾಗುತ್ತದೆ. ಎರಡನೆಯದೇ ದೊಡ್ಡದು.

ಕೊಲೆಯ ವಿಷಯವೂ ಹಾಗೆಯೇ. ಜಗದೇವ ಮತ್ತು ಸಂಗಡಿಗರು ಕೊಂದರೆಂದು ವೀರಶೈವ ಪುರಾಣಗಳು. ವಿಷಪ್ರಾಶನವೆಂದು ಜೈನ ಕಥನ. ಎರಡೂ ಬಹಳ ತಡವಾಗಿ ಬರೆದವು. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣವೇ ಘಟನೆಯಿಂದ ತಲೆಮಾರುಗಳಷ್ಟು ದೂರದ್ದು. ಭೀಮಕವಿಯ ಕನ್ನಡ ಬಸವಪುರಾಣ 1369ರದು. ಬಸವಣ್ಣನವರ ಮನೆತನವನ್ನು ಹೆಸರಿಸುವ ಅರ್ಜುನವಾಡದ ಶಾಸನ 1260ರದು. ಶಾಸನಗಳಿಂದ ತಿಳಿಯುವುದು ಇಷ್ಟು: 1167ರ ವೇಳೆಗೆ ಬಿಜ್ಜಳನ ಮಗ ಸೋವಿದೇವ ಪಟ್ಟದಲ್ಲಿದ್ದಾನೆ, ಮುಂದಿನ ಹದಿನೈದು ಹದಿನಾರು ವರ್ಷಗಳಲ್ಲಿ ಒಬ್ಬರಾದ ಮೇಲೊಬ್ಬರಂತೆ ಅವನ ತಮ್ಮಂದಿರು ಬಂದುಹೋಗುತ್ತಾರೆ. ಅಂತಃಪುರದ ಜಗಳವಿಲ್ಲದ ಮನೆಯ ಲಕ್ಷಣವಲ್ಲ ಅದು. ಇದನ್ನೆಲ್ಲ ಗಂಭೀರವಾಗಿ ಹಿಡಿದವರು ನಮ್ಮ ನಾಟಕಕಾರರು: ಲಂಕೇಶರ 'ಸಂಕ್ರಾಂತಿ', ಶಿವಪ್ರಕಾಶರ 'ಮಹಾಚೈತ್ರ', ಕಾರ್ನಾಡರ 'ತಲೆದಂಡ'. ಅವರ ಬಿಜ್ಜಳ ಯೋಚಿಸುತ್ತಾನೆ, ಹೆದರುತ್ತಾನೆ, ಲೆಕ್ಕ ಹಾಕುತ್ತಾನೆ. 'ಮಹಾಚೈತ್ರ' ಪಠ್ಯವಾದಾಗ ಎದ್ದ ಗದ್ದಲ ಹಿರಿಯ ಓದುಗರಿಗೆ ನೆನಪಿರಬಹುದು. ರಂಗಭೂಮಿಗೆ ದಕ್ಕಿದ ಧೈರ್ಯ ವಸ್ತುಸಂಗ್ರಹಾಲಯಕ್ಕೆ ಇನ್ನೂ ದಕ್ಕಿಲ್ಲ.

ಹೊಸ ಅನುಭವ ಮಂಟಪದ ಆವರಣದಲ್ಲಿ ಒಂದು ದೊಡ್ಡ ಕೋಣೆಯನ್ನಾದರೂ ಕಲ್ಯಾಣದ ರಾಜ್ಯಾಡಳಿತಕ್ಕೆ ಮೀಸಲಿಡಬೇಕು. ಅಬ್ಲೂರು, ಅರ್ಜುನವಾಡ, ಹನುಮಕೊಂಡ ಶಾಸನಗಳ ಅಚ್ಚುಪ್ರತಿಗಳು ಹೊಸಗನ್ನಡದ ಅರ್ಥದೊಡನೆ ಅಲ್ಲಿರಲಿ. ತಂಜಾವೂರಿನ ದ್ವಾರಪಾಲಕನನ್ನು ಮರಳಿ ಕೇಳುವ ಜಗಳ ಬೇಡ; ಪಡಿಯಚ್ಚು ಸಾಕು. ಬಿಜ್ಜಳನ ಸಾವಿನ ಬಗ್ಗೆ ವೀರಶೈವ ಕಥನವನ್ನೂ ಜೈನ ಕಥನವನ್ನೂ ಒಂದೇ ಗೋಡೆಯ ಮೇಲೆ ಅಕ್ಕಪಕ್ಕದಲ್ಲಿಡಬೇಕು, ಯಾವುದು ಯಾವ ವರ್ಷದಲ್ಲಿ ಬರೆದದ್ದೆಂಬ ವಿವರದೊಂದಿಗೆ. ಬಸವಕಲ್ಯಾಣಕ್ಕೆ ಪ್ರವಾಸ ಬರುವ ಶಾಲಾಮಕ್ಕಳನ್ನು ನಾರಾಯಣಪುರದ ಗುಡಿಗೂ ಜಲಸಂಗಿಗೂ ಕರೆದೊಯ್ಯಲು ಬಸ್ಸಿಗೆ ಹೆಚ್ಚೇನೂ ಡೀಸೆಲ್ ಖರ್ಚಾಗದು. ಇದಕ್ಕೆ ಕೋಟಿಗಟ್ಟಲೆ ಹಣ ಬೇಕಿಲ್ಲ. ಶಾಸನ ಓದಬಲ್ಲ ಕೆಲವರನ್ನು ಖಾಯಂ ನೌಕರಿಗೆ ತೆಗೆದುಕೊಳ್ಳಬೇಕು, ಅಷ್ಟೆ. 371 (ಜೆ) ವಿಧಿಯ ಅಡಿಯಲ್ಲಿ ಈ ಭಾಗದ ಯುವಕರಿಗೆ ಮೀಸಲಾದ ಹುದ್ದೆಗಳಲ್ಲಿ ಇಂಥ ಹುದ್ದೆ ಎಷ್ಟಿವೆ ಎಂದು ಶಾಸಕರೊಬ್ಬರು ಸದನದಲ್ಲಿ ಕೇಳಿದರೆ ಒಳ್ಳೆಯ ಆರಂಭವಾದೀತು.

ಚಾಲುಕ್ಯರ ಕೊನೆಯ ಅಧ್ಯಾಯ ಆ ಕೋಣೆಯ ಕೊನೆಯ ಗೋಡೆಯಲ್ಲಿರಲಿ. 1183–84ರಲ್ಲಿ ದಂಡನಾಯಕ ಬ್ರಹ್ಮನ ಬಲದಿಂದ ನಾಲ್ಕನೆಯ ಸೋಮೇಶ್ವರ ಕಲ್ಯಾಣವನ್ನು ಮರಳಿ ಪಡೆದ. ಆ ವರ್ಷಗಳಲ್ಲೇ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಆಂಡ್ರೊನಿಕಸ್ ಬಾಲಚಕ್ರವರ್ತಿಯ ಕತ್ತು ಹಿಸುಕಿಸಿ ಪಟ್ಟವೇರಿ, ಎರಡೇ ವರ್ಷಗಳಲ್ಲಿ ಜನರ ಕೈಯಲ್ಲಿ ಸತ್ತ. ಇಪ್ಪತ್ತು ವರ್ಷ ಕಳೆದು ಆ ಊರನ್ನು ಪಶ್ಚಿಮದ ಶಿಲುಬೆ ಯೋಧರು ಸೂರೆಗೊಂಡರು. ಇಲ್ಲಿ ಅಷ್ಟು ಕಾಲವೂ ಹಿಡಿಯಲಿಲ್ಲ. ಉತ್ತರದಿಂದ ಸೇವುಣರ ಭಿಲ್ಲಮ, ದಕ್ಷಿಣದಿಂದ ಹೊಯ್ಸಳ ಬಲ್ಲಾಳ ಒತ್ತಿಬಂದರು. 1189ರ ಹೊತ್ತಿಗೆ ಸೋಮೇಶ್ವರ ಬನವಾಸಿಯ ಕಡೆಗೆ, ಒಂದು ಕಾಲದಲ್ಲಿ ತನ್ನ ಮನೆತನದ ಸಾಮಂತರಾಗಿದ್ದ ಕದಂಬರ ಆಸರೆಗೆ ಸರಿದಿದ್ದ. ಅವನು ಬಿಟ್ಟುಹೋದ ಕಲ್ಯಾಣದಲ್ಲಿ ಆಮೇಲೆ ಯಾವ ಚಕ್ರವರ್ತಿಯೂ ನೆಲೆಸಲಿಲ್ಲ.